ಮ್ಯಾಲಿಂದ ಎರಡನೇ ಗುಂಡಿ

ಆಗ ನನಗೆ ಎಪ್ಪತ್ತೊಂದು ವರ್ಷ. ಇದು ನಡೆದು ಎರಡು ವರ್ಷ ಆತು. ಎಪ್ಪತ್ತೊಂದು ಅನ್ನೋದು ಆಧಾರ ಕಾರ್ಡಿನ ಲೆಕ್ಕ. ನೀನು ತೊಗರಿ ರಾಶಿ ಹೊತ್ತಿನಾಗ ಹುಟ್ಟಿದಿ ಅಂತ ನಮ್ಮವ್ವ ಹೇಳಿದ್ದಳು, ಯಾವ ವರ್ಷದ ರಾಶಿ ಅಂತ ಆಕಿಗೂ ನೆನಪಿರಲಿಲ್ಲ.

ನಮ್ಮ ಊರು ಸಿಂದಗಿ ತಾಲೂಕಿನದು, ಕನ್ನೊಳ್ಳಿ ಕಡೆ. ಮನಿಯಾಗ ನಾನು, ಮಗ, ಸೊಸಿ, ಮೊಮ್ಮಗಳು. ಮೊಮ್ಮಗಳು ಸಿಂದಗಿಯ ಕಾಲೇಜಿನಾಗ ಬಿ.ಎ. ಓದುತ್ತಿದ್ದಳು. ನಾವು ಕಾಲೇಜಿಗೂ ಸಾಲಿ ಅಂತೇವಿ. ಎರಡು ವರ್ಷ ಮುಗಿದಿತ್ತು, ಒಂದು ವರ್ಷ ಉಳಿದಿತ್ತು. ನನ್ನ ಮಗ ಆಕಿಯನ್ನ ಸಾಲಿಗೆ ಬಿಡುವಾಗಲೇ ಹೇಳಿದ್ದ: "ಓಣ್ಯಾಗ ನಿನ್ನ ಮ್ಯಾಲೆ ಒಂದ ಮಾತ ಬಂತಂದ್ರ ಅವತ್ತಿಗೆ ಸಾಲಿ ಬಂದ್." ಆಕಿ ಹೂಂ ಅಂದಿದ್ದಳು. ಹೂಂ ಅನ್ನದೆ ಏನು ಮಾಡತಾಳ. ಉಳಿದ ಒಂದು ವರ್ಷ ಮುಗಿಸಿದರೆ ಬಿ.ಎಡ್. ಮಾಡಿ ಟೀಚರ್ ಆಗಬೇಕು ಅಂತ ಆಕಿಯ ವಿಚಾರ. ಮುಗಿಸದಿದ್ದರೆ ಮುದ್ದೇಬಿಹಾಳದಾಗ ಸೋದರಮಾವನ ಮಗ ಇದ್ದ. ಸೊಸಿಯ ಬಾಯಾಗ ಆ ಮಾತು ಆಗಲೇ ಓಡಾಡುತ್ತಿತ್ತು.

ಆ ಬ್ಯಾಸಿಗಿಯಾಗ ಇಲೆಕ್ಷನ್ ಬಂತು. ದಿಲ್ಲಿ ಇಲೆಕ್ಷನ್.

ನಮ್ಮ ಓಣಿಯ ಹಿರಿಯ ನನ್ನ ಮೈದುನ, ನನ್ನ ಗಂಡನ ತಮ್ಮ. ಆತ ಯಾರಿಗೆ ಅಂತಾನ ಓಣಿ ಅವರಿಗೆ. ಬರೇ ಮಾತಿನ ಮ್ಯಾಲೆ ಬಿಡೂದಿಲ್ಲ. ಗುಡಿಯಿಂದ ಭಂಡಾರ, ಅಂದರೆ ದೇವರ ಮುಂದಿನ ಅರಿಷಿಣ ಪುಡಿ, ಹಿತ್ತಾಳಿ ತಾಟಿನಾಗ ಹಿಡಕೊಂಡು ಮನಿ ಮನಿಗೆ ಬರತಾರ. ಒಬ್ಬೊಬ್ಬರೂ ಮುಟ್ಟಿ ಆಣಿ ಮಾಡಬೇಕು. ಯಜಮಾನ ಒಬ್ಬ ಮುಟ್ಟಿದರೆ ನಡೆಯೂದಿಲ್ಲ. ಗಂಡನ ಆಣಿ ಹೆಂಡತಿಗೆ ಹತ್ತೂದಿಲ್ಲ, ಅವ್ವನ ಆಣಿ ಮಗಳಿಗೆ ಹತ್ತೂದಿಲ್ಲ. ಮುಟ್ಟಿದ ಕೈಗೆ ಅಷ್ಟೇ ಅದು. ಅದಕ್ಕ ರೊಟ್ಟಿ ಬಡಿಯಾಕ ಕುಂತಾಕಿಯನ್ನೂ ಎಬ್ಬಿಸಿ, ಹಿಟ್ಟಿನ ಕೈ ತೊಳಿಸಿ ಮುಟ್ಟಸತಾರ. ಮುಟ್ಟಿ ತಪ್ಪಿದರೆ ಮಕ್ಕಳಿಗೆ ಕೇಡು. ನಾನೂ ಅದನ್ನ ನಂಬತೇನಿ. ನಂಬಬ್ಯಾಡ ಅನ್ನುವವರು ತಮ್ಮ ಮಕ್ಕಳ ತಲಿ ಮ್ಯಾಲೆ ಕೈ ಇಟ್ಟು ಹೇಳಲಿ.

ಮೈದುನ ನಮ್ಮ ಮನಿಗೆ ಬಂದಾಗ ಮುಂಜಾನೆ. ಪಡಸಾಲಿಯಾಗ ಕುಂತ.

"ವೈನಿ, ಈ ಸಲ ಗುರ್ತು ಬ್ಯಾರೆ ಐತಿ," ಅಂದ.

ಅಲ್ಲಿತನಕ ಎಲ್ಲಾ ಇಲೆಕ್ಷನ್ನಿನಾಗೂ ಓಣಿ ಒಂದೇ ಗುರ್ತಿಗೆ ಒತ್ತಿಕೋತ ಬಂದಿತ್ತು. ಈ ಸಲ ಆತ ಅತ್ತಲಿಂದ ಇತ್ತ ಬಂದಿದ್ದ. ಗುಡಿ ಮುಂದ ತಗಡಿನ ಶೆಡ್ ಹಾಕಿಸಿ ಕೊಡತೇವಿ ಅಂತ ಇತ್ತಲಾಗಿನವರು ಮಾತು ಕೊಟ್ಟಿದ್ದರು.

"ಚಿತ್ರ ನೋಡಬ್ಯಾಡ್ರಿ. ಚಿತ್ರ ನೋಡಿದ್ರ ಕೈ ರೂಢಿ ಮ್ಯಾಲೆ ಹಳೇದಕ್ಕ ಹೋಗತೈತಿ. ತಲಿ ತಗ್ಗಿಸಿ ಒಳಗ ಹೋಗ್ರಿ, ಮ್ಯಾಲಿಂದ ಎಣಸ್ರಿ, ಎರಡನೇ ಗುಂಡಿ ಒತ್ರಿ. ಕುಂಯ್ ಅಂತೈತಿ. ಬಂದ ಬಿಡ್ರಿ."

ಮೊಮ್ಮಗಳು ಬಾಗಿಲ ಹತ್ತಿರ ನಿಂತಿದ್ದಳು. "ಮುತ್ಯಾ, ಆ ಎರಡನೇ ಗುಂಡಿಯವರ ಹೆಸರೇನು?" ಅಂದಳು.

"ಹೆಸರ ತಗೊಂಡ ಏನ ಮಾಡ್ತಿ? ಲಗ್ನ ಆಗ್ತಿಯೇನ?"

ಸಂಗಡ ಬಂದವರು ನಕ್ಕರು. ನನಗೂ ನಗು ಬಂತು.

"ಲಗ್ನಕ್ಕಾದ್ರೂ ಹೆಸರ ಕೇಳತಾರ ಮುತ್ಯಾ. ನಿಮಗ ಗೊತ್ತೈತೇನ, ಇಲ್ಲೇನ?"

ಮೈದುನನಿಗೆ ಗೊತ್ತಿರಲಿಲ್ಲ. ತಾಟು ಮುಂದ ಮಾಡಿ, "ಮುಟ್ಟು," ಅಂದ.

"ನಾ ಮುಟ್ಟೂದಿಲ್ಲ."

ನನ್ನ ಮಗ ಗಾಬರಿ ಆಗಿ, "ಹುಡುಗಿ ಹೊರಗಾಗ್ಯಾಳ್ರಿ ಕಾಕಾ, ಭಂಡಾರ ಮುಟ್ಟಂಗಿಲ್ಲ," ಅಂತ ಮುಚ್ಚಿ ಹಾಕಲಿಕ್ಕೆ ನೋಡಿದ. ಅಲ್ಲಿಗೆ ಮುಗಿಯುತ್ತಿತ್ತು. ಆಕಿ ಬಿಡಲಿಲ್ಲ.

"ಅಪ್ಪಾ, ಸುಳ್ಳ ಯಾಕ ಹೇಳ್ತಿ? ನಾ ಹೊರಗಾಗಿಲ್ಲ. ಹೆಸರ ಗೊತ್ತಿಲ್ಲದವರಿಗೆ ಆಣಿ ಮಾಡೂದಿಲ್ಲ, ಅಷ್ಟ."

ಹಿರಿಯರ ಮುಂದ ಮಗಳ ಬಾಯಿಂದ ಸುಳ್ಳ ಅನ್ನಿಸಿಕೊಂಡ ನನ್ನ ಮಗನ ಮಾರಿ ಕಪ್ಪಾತು. ಮೈದುನ ತಾಟು ನನ್ನ ಕಡೆ ತಿರುವಿದ. ನಾನು ಮುಟ್ಟಿದೆ. ಸೊಸಿ ಮುಟ್ಟಿದಳು. ಅವರು ಹೋದ ಮ್ಯಾಲೆ ಮೊಮ್ಮಗಳು ನನ್ನ ಕೈಯ ಅರಿಷಿಣ ನೋಡಿ, "ನೀನೂ ಆಯಿ?" ಅಂದಳು. ಆಕಿ ನನ್ನ ಮ್ಯಾಲೆ ಸಿಟ್ಟಾಗಿದ್ದು ಅವತ್ತಿನಿಂದ.

ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರು ಬಳಿಗಾರ ಬೀಬಿಯ ಮನಿ ಮುಂದಿನ ಬೇವಿನ ಗಿಡದ ಕೆಳಗ ಕುಂತು ಬ್ಯಾಳಿ ಹಸನ ಮಾಡತಾರ. ಬೀಬಿ ನನ್ನ ವಾರಗಿಯಾಕಿ. ಆಕಿಯ ಗಂಡನ ಮನಿಯವರು ಈ ಓಣಿಯಾಗ ನಮ್ಮಷ್ಟೇ ಹಳಬರು. ಮೊಮ್ಮಗಳು ಪರೀಕ್ಷೆ ಮುಗಿಸಿ ಮನಿಯಾಗ ಇದ್ದಳಲ್ಲ, ದಿನಾ ಅಲ್ಲಿ ಬಂದು ಕುಂಡರಲಿಕ್ಕೆ ಸುರು ಮಾಡಿದಳು.

"ಇದು ಯಾವ ಇಲೆಕ್ಷನ್ ಹೇಳ್ರಿ ನೋಡೂನು," ಅಂತ ಕೇಳಿದಳು.

ಒಬ್ಬಾಕಿ ಪಂಚಾಯ್ತಿದು ಅಂದಳು. ಒಬ್ಬಾಕಿ ರೇಷನ್ ಕಾರ್ಡಿಂದು ಅಂದಳು. ಮೂಲಿಮನಿ ಸೊಸಿ, ಹೊಟ್ಟಿಲೆ ಇದ್ದಳು, ಕಾಲು ಚಾಚಿ ಕುಂತಿದ್ದಾಕಿ, "ಶೆಡ್ಡಿಂದು," ಅಂದಳು.

"ದಿಲ್ಲಿಗೆ ಹೋಗಾವರನ್ನ ಆರಿಸಿ ಕಳಸೂದು ಇದು. ದೇಶಕ್ಕ ಕಾಯ್ದೆ ಮಾಡಾವರನ್ನ."

"ದಿಲ್ಲಿಗೆ ಹೋದಾಂವ ನಮ್ಮ ನಳಾ ರಿಪೇರಿ ಮಾಡ್ತಾನೇನವಾ?"

"ಮಾಡೂದಿಲ್ಲ. ಅದು ಅವನ ಕೆಲಸ ಅಲ್ಲ."

"ಮತ್ತ ಶೆಡ್ಡು?"

"ಅದೂ ಅಲ್ಲ."

"ನಳಾ ಇಲ್ಲ, ಶೆಡ್ಡ ಇಲ್ಲ, ಅಂವ ದಿಲ್ಯಾಗ ಕುಂತು ಏನ ಕಿಸೀತಾನ?" ಅಂದಳು ಬೀಬಿ. ಎಲ್ಲರೂ ಬ್ಯಾಳಿ ಚೆಲ್ಲುವಂಗ ನಕ್ಕರು. "ನಮಗೂ ದರ್ಗಾದ ಊದಿನ ಬೂದಿ ಮುಟ್ಟಸ್ಯಾರ ತಂಗಿ. ನಿಮ್ಮ ಮುತ್ಯಾ ನಮ್ಮವರ ಸಂಗಡ ಮಾತಾಡ್ಯಾನ. ಪುಡಿ ಬ್ಯಾರೆ, ಗುಂಡಿ ಒಂದ."

ಮೊಮ್ಮಗಳು ನಗಲಿಲ್ಲ. ಫೋನ್ ತೆಗೆದು ನಿಂತವರ ಚಿತ್ರ ತೋರಿಸಿದಳು, ಒಬ್ಬೊಬ್ಬರ ಹೆಸರು ಓದಿದಳು. "ಯಾರಿಗರೆ ಹಾಕ್ರಿ. ಮುತ್ಯಾ ಹೇಳಿದವರಿಗೇ ಹಾಕ್ರಿ. ಖರೇ ಯಾರಿಗೆ ಹಾಕಾಕತ್ತೇವಿ ಅಂತ ಹೆಸರ ತಿಳಕೊಂಡ ಹಾಕ್ರಿ," ಅಂದಳು. ನಾನು ಅಲ್ಲೇ ಕುಂತಿದ್ದೆ. ಆಕಿ ಹೇಳಿದ್ದು ಇಷ್ಟೇ. ಇದಕ್ಕಿಂತ ಒಂದು ಮಾತು ಹೆಚ್ಚು ಹೇಳಿಲ್ಲ. ಇದನ್ನ ಬರಿಯಲಿಕ್ಕೆ ಕುಂತಿದ್ದು ಅದಕ್ಕ.

ಯಾರೂ ಹೆಸರು ನೆನಪಿಟ್ಟುಕೊಳ್ಳಲಿಲ್ಲ. ಮೂಲಿಮನಿ ಸೊಸಿ ಒಂದು ಚಿತ್ರ ನೋಡಿ, "ಇಂವ ನಮ್ಮ ಮಾವನ್ಹಂಗ ಅದಾನ, ಮೀಸಿ ಸುದ್ದಾ," ಅಂದಳು, ಅಷ್ಟೇ. ಮನಿಗೆ ಬಂದು ಮೊಮ್ಮಗಳು ಫೋನು ಹಾಸಿಗಿ ಮ್ಯಾಲೆ ಒಗೆದಳು.

"ಇವರ ಕೈಯಾಗ ಓಟ ಯಾಕ ಕೊಟ್ಟಾರ ಆಯಿ? ಕತ್ತೆಗೋಳ ಕೈಯಾಗ ಕೊಟ್ರೂ ಗುಂಡಿ ಒತ್ತತಾವ."

"ನಾನೂ ಅದ ಕತ್ತೆನ," ಅಂದೆ.

"ಹೌದು. ನೀನೂ," ಅಂದಳು.

ಓಟಿನ ದಿನ ಬಿಸಲು ಏರುವುದಕ್ಕಿಂತ ಮೊದಲು ಹೆಂಗಸರು ಗುಂಪಾಗಿ ಹೋದರು. ನನ್ನ ಎಮ್ಮಿ ಅವತ್ತ ಈಯುವ ಹಂಗಿತ್ತು, ನಾನು ಹೋಗಲಿಲ್ಲ. ಎಮ್ಮಿ ಈದು, ಕರಾ ಎದ್ದು ನಿಂತ ಮ್ಯಾಲೆ, ಇಳಿಹೊತ್ತಿಗೆ ಒಬ್ಬಾಕೀನ ಹೋದೆ.

ನಮ್ಮೂರ ಸಾಲಿ ಖೋಲಿ ನಾನು ಕಂಡದ್ದೇ. ಒಂದೇ ಬಾಗಿಲು, ಒಂದು ಬದಿಗೆ. ಒಳಗ ಎದುರಿಗೇ ಮೈದುನ ಕುಂತಿದ್ದ, ಪಕ್ಷದ ಏಜೆಂಟ್ ಅಂತ. ಮುಂಜಾನೆಯಿಂದ ಅಲ್ಲೇ ಇದ್ದ. ಓಣಿಯಿಂದ ಯಾರು ಬಂದರು, ಯಾರು ಬರಲಿಲ್ಲ ನೋಡಲಿಕ್ಕೆ. ಉಳಿದ ಹೆಂಗಸರಿಗೆ ಆತ ಮಾವನೋ ಭಾವನೋ ಆಗಬೇಕು. ಅಂಥವರ ಮುಂದ ನಮ್ಮಲ್ಲಿ ಸೆರಗು ಕಣ್ಣಿನ ತನಕ ಎಳಕೋಬೇಕು, ಮಾರಿ ಎತ್ತಬಾರದು. ನನಗೆ ಆತ ಮೈದುನ, ನಾನು ಎತ್ತಿಕೊಂಡು ತಿರುಗಿದ ಹುಡುಗ. ನಾನು ಮಾರಿ ಎತ್ತಿಕೊಂಡೇ ಹೋದೆ.

ರಟ್ಟಿನ ಮರೆಯ ಹಿಂದ ಓಟಿನ ಗುಂಡಿ ಇರುವ ಎರಡು ಡಬ್ಬಿ ಇಟ್ಟಿದ್ದರು. ನಿಂತವರು ಬಾಳ ಮಂದಿ, ಒಂದರಾಗ ಹಿಡಿಯಲಿಲ್ಲ ಅಂತ ಎರಡು. ಒಂದನೇ ಡಬ್ಬಿ ಆ ಕಡೆ ಗ್ವಾಡಿ ಬದಿಗೆ. ಎರಡನೇ ಡಬ್ಬಿ ಈ ಕಡೆ, ಬಾಗಿಲ ಬದಿಗೆ, ಹೋದ ಕೂಡಲೆ ಕೈಗೆ ಸಿಗುವಂಗ. ಚೀಟಿ ಕಾಣಿಸುವ ಗಾಜಿನ ಪೆಟ್ಟಿಗಿ ಇನ್ನೂ ಆಚೆ. ನಾನು ಎರಡೂ ಡಬ್ಬಿ ನೋಡಿದೆ. ಯಾವುದು ಒತ್ತಿದೆ ಅಂತ ಬರಿಯೂದಿಲ್ಲ. ಅದು ನಂದು.

ಮೊಮ್ಮಗಳದು ಅದು ಮೊದಲನೇ ಓಟು. ಬೆರಳಿನ ಶಾಯಿ ನೋಡಿಕೋತ ಬಂದಳು.

ತಿಂಗಳಾದ ಮ್ಯಾಲೆ ಎಣಿಕಿ ಆತು. ಗೆದ್ದವರು ಗೆದ್ದರು, ಸೋತವರು ಸೋತರು. ಎಣಿಕಿಯಾಗ ಯಾವ ಬೂತಿನಾಗ ಯಾರಿಗೆ ಎಷ್ಟು ಅಂತ ಗೊತ್ತಾಗತೈತಿ, ಅಲ್ಲಿ ಕುಂತವರು ಬರಕೊಂಡು ಬರತಾರ. ನಮ್ಮ ಬೂತಿನಾಗ ಇಸ್ತ್ರಿಪೆಟ್ಟಿಗಿ ಗುರ್ತಿಗೆ ರಾಶಿ ಓಟು ಬಿದ್ದಿದ್ದವು. ಇಸ್ತ್ರಿಪೆಟ್ಟಿಗಿಯಾಂವ ಯಾರು, ಎಲ್ಲಿಯವ ಯಾರಿಗೂ ಗೊತ್ತಿಲ್ಲ. ನಮ್ಮ ಓಣಿಗೆ ಬಂದಾಂವ ಅಲ್ಲ. ಬ್ಯಾರೆ ಊರಾಗ ಅವನಿಗೆ ಬಿದ್ದಿದ್ದು ಅಷ್ಟಕ್ಕಷ್ಟೇ. ನಮ್ಮ ಓಣಿಯ ಹೆಣ್ಣಮಕ್ಕಳು ಎಷ್ಟೋ ಹತ್ತಿರಹತ್ತಿರ ಅಷ್ಟು ಅವನಿಗೆ. ಮೈದುನ ಮಾತು ಕೊಟ್ಟ ಮನಷ್ಯಾ ಫೋನ್ ಮಾಡಿ, ನಿಮ್ಮ ಓಣಿ ನಮಗೆ ಟೊಪ್ಪಿಗಿ ಹಾಕಿತು, ಶೆಡ್ ಮರೆತು ಬಿಡ್ರಿ ಅಂದನಂತ.

ಮರುದಿನ ಹೊತ್ತು ಮುಳುಗುವ ಮೊದಲು ಗುಡಿ ಕಟ್ಟಿಗೆ ಬೀಬಿಯ ಮನಿ ಬಿಟ್ಟು ಎಲ್ಲರನ್ನೂ ಕರೆಸಿದರು. ಅದರ ನಾಳೆಗೇ ಸಿಂದಗಿ ಕಾಲೇಜಿನಾಗ ಕಡೇ ವರ್ಷಕ್ಕ ಹೆಸರು ಹಚ್ಚುವುದು ಮುಗಿಯುವುದಿತ್ತು. ಮೊಮ್ಮಗಳು ಕಾಗದ ಎಲ್ಲಾ ಜೋಡಿಸಿ ಚೀಲದಾಗ ಇಟ್ಟಿದ್ದಳು. ಅಪ್ಪ ಬರತೇನಿ ಅಂದಿದ್ದ.

ತಾಟು ಮತ್ತ ಬಂತು. ಒಬ್ಬೊಬ್ಬ ಹೆಂಗಸನ್ನೂ ಮುಂದ ಕರೆದು ಮೈದುನ ಕೇಳಿದ, ಯಾವುದು ಒತ್ತಿದಿ? ಸೆರಗಿನೊಳಗಿಂದ ಒಬ್ಬೊಬ್ಬರೂ ಅದನ್ನೇ ಅಂದರು: "ಮ್ಯಾಲಿಂದ ಎರಡನೇದು." ಭಂಡಾರ ಮುಟ್ಟಿ ಅಂದರು. ಕೈ ಪೂರಾ ಊರಿ ಅಂದರು. ಸುಳ್ಳು ಹೇಳುವವರ ಕೈ ಹೆಂಗಿರತೈತಿ ನನಗೆ ಗೊತ್ತು.

"ಎಲ್ಲಾರೂ ಎರಡನೇದ ಒತ್ತಿದ್ರ ಓಟ ಎಲ್ಲಿ ಹಾರಿಹೋದುವು?" ಅಂದ ಮೈದುನ.

ಆಗ ಮೊಮ್ಮಗಳು ಹೆಂಗಸರ ನಡುವಿಂದ ಎದ್ದಳು. "ಹಾರಿ ಎಲ್ಲೂ ಹೋಗಿಲ್ಲ ಮುತ್ಯಾ. ಡಬ್ಬಿ ಎರಡು ಇದ್ದುವು. ಇವರು ಬಾಗಲ ಹತ್ತಿರಿದ್ದ ಡಬ್ಬಿಯಾಗ ಎರಡನೇದು ಒತ್ಯಾರ. ಆ ಡಬ್ಬಿಯಾಗ ಎರಡನೇದು ಇಸ್ತ್ರಿಪೆಟ್ಟಿಗಿ. ನೀವು ಚಿತ್ರ ನೋಡಬ್ಯಾಡ್ರಿ ಅಂದ್ರಿ, ನೋಡಲಿಲ್ಲ. ತಲಿ ತಗ್ಗಿಸ್ರಿ ಅಂದ್ರಿ, ತಗ್ಗಿಸಿದ್ರು. ನೀವು ಎದುರಿಗೆ ಕುಂತ್ರಿ, ಸೆರಗ ಎಳಕೊಂಡ್ರು. ಎರಡನೇ ಡಬ್ಬಿ ಒಂದ ಐತಿ ಅಂತ ಯಾರಿಗೂ ಕಾಣಲಿಲ್ಲ."

ಮೈದುನನಿಗೆ ತಿಳೀತು. ಆತನ ಮಾರಿ ನೋಡಿ ನನಗೆ ಗೊತ್ತಾತು. ಮುಂಜಾನೆ ಯಂತ್ರ ತೆರೆದು ಏಜೆಂಟರಿಗೆ ತೋರಿಸುವಾಗ ಆತ ಅಲ್ಲೇ ಇದ್ದ. ಎರಡು ಡಬ್ಬಿ ಕಂಡಿದ್ದ. ಹೊರಗ ಬಂದು ಹೆಂಗಸರಿಗೆ ಹೇಳಬೇಕು ಅಂತ ತಲಿಗೆ ಹೊಳೆದಿರಲಿಲ್ಲ. ಇನ್ನ ಈಗ ನಾಕು ಮಂದ್ಯಾಗ ಹೌದು ಅಂತಾನೇನು?

"ನಾನೂ ಎರಡು ಡಬ್ಬಿ ನೋಡೇನಿ," ಅಂದೆ ನಾನು.

"ವೈನಿ, ನಿನ್ನ ಕಣ್ಣಾಗ ಪೊರಿ ಐತಿ. ನಿನಗ ಎಮ್ಮಿನೂ ಎರಡೆರಡು ಕಾಣತಾವ," ಅಂದ. ಗಂಡಸರು ನಕ್ಕರು.

ಆದರೂ ಹುಡುಗಿಯ ಮಾತು ಬಿದ್ದುಹೋಗಲಿಲ್ಲ. ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದರು. ಹುಡುಗಿ ಹೇಳಿದ್ದು ಖರೇ ಅನ್ನಬೇಕು ಅಂದರೆ ಏನಾಗತೈತಿ ಅಂತ ಅವರಿಗೆ ಆಗ ಹೊಳೀತು. ಆಣಿ ತಪ್ಪಿದಂಗ ಆತು. ತಿಳಿಯದೆ ತಪ್ಪಿದರೂ ತಪ್ಪಿದ್ದೇ. ಕೇಡು ಮಕ್ಕಳಿಗೆ.

ಮೂಲಿಮನಿ ಸೊಸಿ ಎದ್ದಳು. ಹೊಟ್ಟಿ ಆಗ ತುಂಬಿತ್ತು, ಎದ್ದು ನಿಲ್ಲಲಿಕ್ಕೆ ಹೊತ್ತು ಹಿಡೀತು. ಹೊಟ್ಟಿ ಮ್ಯಾಲೆ ಒಂದು ಕೈ ಇಟ್ಟುಕೊಂಡು, "ಆಕಿನ ನಮ್ಮ ತಲಿ ಕೆಡಿಸಿದ್ಲು ಮಾವಾ. ಫೋನಿನ್ಯಾಗ ಚಿತ್ರ ತೋರಿಸಿ, ಇದಕ್ಕ ಒತ್ರಿ ಅಂದ್ಲು," ಅಂದಳು.

"ಯಾವಾಗ ಅಂದೆ? ನನ್ನ ಮಾರಿ ನೋಡಿ ಹೇಳ ಅತ್ಯಾ," ಅಂದಳು ಮೊಮ್ಮಗಳು.

ಆಕಿ ನೋಡಲಿಲ್ಲ. ಸೆರಗು ಇನ್ನೂ ಕೆಳಗ ಎಳಕೊಂಡಳು. ಆಕಿಯ ಹಿಂದ ಇನ್ನೊಬ್ಬಾಕಿ ಹೌದು ಅಂದಳು. ಮತ್ತೊಬ್ಬಾಕಿ ಹೌದು ಅಂದಳು. ಬಾಯಿ ಬಾಯಿ ದಾಟಿಕೋತ ಹೋತು. ಬ್ಯಾಳಿ ಹಸನ ಮಾಡಿಕೋತ ನಕ್ಕವರೇ ಎಲ್ಲಾ. ನಾನು ಅವರಿಗೆ ಶಾಪ ಹಾಕೂದಿಲ್ಲ. ಹೊಟ್ಟ್ಯಾಗಿನ ಕೂಸಿಗೆ ಅಂಜಿ ನಿಂತಾಕಿಗೆ ನ್ಯಾಯದ ಮಾತು ಹೇಳಿ ಏನು ಮಾಡೂದು. ಆದರೆ ಆ ಬೇವಿನ ಗಿಡದ ಕೆಳಗ ಹೋಗಿ ನಾನು ಮತ್ತ ಬ್ಯಾಳಿ ಹಸನ ಮಾಡಿಲ್ಲ.

ಮೊಮ್ಮಗಳು ಅಳಲಿಲ್ಲ. ನಿಂತಲ್ಲೇ ಒಂದು ಥರಾ ನಕ್ಕಳು. "ನಾ ಹೇಳಿದ್ದು ಒಬ್ಬಾಕಿಯಾದ್ರೂ ಕೇಳಿದ್ರ ಈ ಕಟ್ಟಿ ಮ್ಯಾಲೆ ಹಿಂಗ ನಿಂದ್ರತಿರಲಿಲ್ಲ ನಾ. ಯಾರೂ ಕೇಳಲಿಲ್ಲ. ಕೇಳಿದ್ರು ಅಂತ ನನಗ ಶಿಕ್ಷೆ," ಅಂದಳು.

"ನೋಡ್ರಿ ಮಾತು. ಹುಡುಗಿ ಬಾಳ ಓದೇತಿ," ಅಂದ ಮೈದುನ. ತಾಟು ನನ್ನ ಮಗನ ಕಡೆ ತಿರುವಿದ. ಹಂಗೇ ಹಿಡಿದು ನಿಂತ.

ನನ್ನ ಮಗ ಕೆಟ್ಟವ ಅಲ್ಲ. ಅಂಜುಬುರುಕ. ಭಂಡಾರ ಮುಟ್ಟಿ, "ನನ್ನ ಮಗಳನ್ನ ನಾ ಇನ್ನ ಸಾಲಿಗೆ ಕಳಸೂದಿಲ್ಲ," ಅಂದ. ಅರಿಷಿಣ ಬೆರಳಿಗೆ ಹತ್ತಿತು. ಇನ್ನ ಆ ಮಾತು ತಿರುಗುವಂಗಿರಲಿಲ್ಲ. ಓಣಿ ಎದ್ದು ಮನಿಗೆ ಹೋತು, ಎಮ್ಮಿ ಹಿಂಡುವ ಹೊತ್ತಾಗಿತ್ತು.

ಆ ಓಣಿಯಾಗೇ ಇದ್ದೇನಿ ಇನ್ನೂ. ಮೊನ್ನೆ ನಳದ ಮುಂದ ಒಬ್ಬಾಕಿಯನ್ನ ಕೇಳಿದೆ, ದಿಲ್ಲಿಗೆ ನಮ್ಮ ಕಡಿಂದ ಹೋದಾಂವ ಯಾರು ಅಂತ. "ಯಾರೋ ಹೋಗಿರಬೇಕು," ಅಂದಳು. ಗುಡಿ ಮುಂದ ಶೆಡ್ ಇನ್ನೂ ಇಲ್ಲ.

ಗುಡಿ ಕಟ್ಟಿಯಿಂದ ಬಂದ ಆ ಸಂಜೆ ಮನಿಯಾಗ ಒಲಿ ಹೊತ್ತಿಸಿದ್ದು ನಾನೇ. ಸೊಸಿ ಮುದ್ದೇಬಿಹಾಳಕ್ಕ ಅಣ್ಣನಿಗೆ ಫೋನ್ ಹಚ್ಚಿದ್ದಳು. ಮೊಮ್ಮಗಳು ಚೀಲದಾಗಿನ ಕಾಗದ ತೆಗೆದು ನೆಲದ ಮ್ಯಾಲೆ ಇಟ್ಟಿದ್ದಳು. ನಾನು ಅವನ್ನ ಎತ್ತಿ ಮತ್ತ ಚೀಲದಾಗ ಹಾಕಿದೆ.

ಮರುದಿನ ಮುಂಜಾನೆ ಎಮ್ಮಿ ಹಿಂಡಿದೆ. ರೊಟ್ಟಿ ಬಡಿದು ಶೇಂಗಾ ಹಿಂಡಿ ಹಚ್ಚಿ ಅರಿವಿಯಾಗ ಗಂಟು ಕಟ್ಟಿದೆ. ಮೊಮ್ಮಗಳನ್ನ ಎಬ್ಬಿಸಿದೆ.

"ಏಳು. ಸಿಂದಗಿಗೆ ಹೋಗೂನು."

"ಯಾಕ?"

"ಹೆಸರ ಹಚ್ಚಾಕ."

"ಬ್ಯಾಡ ಆಯಿ. ಓದಿ ಯಾರಿಗೆ ಕಲಸಬೇಕು? ಇವರ ಮಕ್ಕಳಿಗೇನ?"

"ಯಾರಿಗೂ ಕಲಸಬ್ಯಾಡ. ಮಾರಿ ತೊಳಕೋ."

ಅಂಗಳದಾಗ ಮಗ ಹಲ್ಲುಜ್ಜಿಕೋತ ಕುಂತಿದ್ದ. ಚೀಲ ನೋಡಿ ಎದ್ದ. "ಅವ್ವಾ, ಎಲ್ಲಿಗಿ? ನಾ ಆಣಿ ಮಾಡೇನಿ. ನನಗ ಕೇಡ ಬಗೀತಿಯೇನ?"

"ನೀ ಕಳಸೂದಿಲ್ಲ ಅಂದಿ. ಕಳಸಬ್ಯಾಡ. ನಾ ಕರಕೊಂಡ ಹೊಂಟೇನಿ. ನಿನ್ನೆ ನಿನ್ನ ಆಣಿಗೆ ನಾ ಕೈ ಹಚ್ಚಿಲ್ಲ."

ಆತ ಬಾಯಾಗಿನ ನೀರು ಉಗುಳಲಿಲ್ಲ, ನುಂಗಲಿಲ್ಲ. ಅವ್ವನ ಆಣಿ ಮಗನಿಗೆ ಹತ್ತೂದಿಲ್ಲ, ಮಗನದು ಅವ್ವನಿಗೆ ಹತ್ತೂದಿಲ್ಲ. ಅದು ಅವರದೇ ಕಟ್ಟಳಿ. ಮೈದುನನೂ ಅದಕ್ಕ ಏನೂ ಅನ್ನುವಂಗಿರಲಿಲ್ಲ. ಆ ಮಾತಿನ ಮ್ಯಾಲೆ ಆತ ನನ್ನ ಸಂಗಡ ಮಾತು ಬಿಟ್ಟ, ಅದು ಬ್ಯಾರೆ.

ಓಣಿ ನಡುವೇ ಹೋದೆವು. ಹಿತ್ತಲ ದಾರಿ ಇತ್ತು, ನಾನು ಹಿಡಿಯಲಿಲ್ಲ. ನಳದ ಮುಂದ ಕೊಡ ಹಚ್ಚಿದ ಹೆಂಗಸರು ನೀರು ಹೊರಗ ಚೆಲ್ಲಿದರೂ ನೋಡಿಕೋತ ನಿಂತರು. ಮೂಲಿಮನಿ ಬಾಗಿಲು ಮುಚ್ಚಿತು. ಬೀಬಿ ಒಬ್ಬಾಕಿ ತನ್ನ ಮನಿ ಕಟ್ಟಿ ಇಳಿದು ಬಸ್ ಸ್ಟ್ಯಾಂಡಿನ ತನಕ ನಮ್ಮ ಹಿಂದ ಬಂದಳು. ಸುತ್ತ ಯಾರೂ ಇಲ್ಲ ಅಂತ ನೋಡಿ, ಸಣ್ಣ ದನಿಯಾಗ ಅಂದಳು:

"ಅಕ್ಕಾ, ನಾನೂ ಬಾಗಲ ಕಡಿ ಡಬ್ಬೀದ ಒತ್ತೇನಿ. ಹುಡುಗಿ ಹೇಳಿದ್ದು ಖರೇ."

"ನಿನ್ನೆ ಹೇಳಬೇಕಿತ್ತು," ಅಂದಳು ಮೊಮ್ಮಗಳು.

"ನಿನ್ನೆ ನನ್ನ ಯಾರ ಕೇಳಿದ್ರು ತಂಗಿ? ನಿಮ್ಮ ಗುಡಿ ಕಟ್ಟಿ ಅದು."

ಇಂಡಿ ಕಡೆಯಿಂದ ಬಸ್ಸು ಬಂತು. ಮೊಮ್ಮಗಳು ಮೊದಲು ಹತ್ತಿದಳು. ನನ್ನ ಬಾಜೂಕ ಕುಂಡರಲಿಲ್ಲ, ಮುಂದಿನ ಕಿಟಕಿ ಹತ್ತಿರ ಹೋಗಿ ಕುಂತಳು, ಹಿಂದ ತಿರುಗಿ ನೋಡಲಿಲ್ಲ. ನಾನು ರೊಟ್ಟಿ ಗಂಟು ತೊಡಿ ಮ್ಯಾಲೆ ಇಟ್ಟುಕೊಂಡು ಆಧಾರ ಕಾರ್ಡು ತೆಗೆದೆ. ಕಂಡಕ್ಟರ್ ಎಲ್ಲಿಗಿ ಅಂದ.

"ಸಿಂದಗಿ," ಅಂದೆ. "ಇಬ್ಬರು. ಆಕಿ ಅಲ್ಲಿ ಕುಂತಾಳ, ಆಕೀನೂ ನನ್ನ ಜೋಡಿನ."